ಬೇಸಿಗೇಲಿ ಮೇಲೆ ಒಣಕಲು, ಕೆಳಗೆ ನೀರು: ಈ ವಿದೂರ್ಲ್ ನದಿ ಕಥೆ ಏನು? (ಸೋಮಿಯೇರ್‌ನಲ್ಲಿ ಮನೆ ಮಾಡಬಹುದಾ?)

ಹಾಸನದೋನು:
ಎಲ್ರಿಗೂ ನಮಸ್ಕಾರ. ನನ್ ಕೆಲಸ ದಕ್ಷಿಣ ಫ್ರಾನ್ಸಿನ ಮೋಂಪೆಲಿಯೇಲಿ, ಇಲ್ಲಿ ಬಾಡಿಗೆ ಕೈಗೆಟುಕ್ತಿಲ್ಲ, ಅದಕ್ಕೆ ವಿದೂರ್ಲ್ ನದಿ ದಂಡೆಯ ಸೋಮಿಯೇರ್ ಅನ್ನೋ ಊರ ಕಡೆ ಹುಡುಕ್ತಾ ಇದೀವಿ. ಹಳೇ ಪೇಟೆ ಒಳಗೇ, ಕೆಳಗಿನ ಮಾರ್ಕೆಟ್ ಚೌಕದ ಹತ್ರ ಒಂದು ಗ್ರೌಂಡ್ ಫ್ಲೋರ್ ಸಿಕ್ಕಿದೆ, ಕಲ್ಲಿನ ಕಮಾನು, ಮೊಳದಪ್ಪ ಗೋಡೆ, ಆಗಸ್ಟಲ್ಲೂ ಒಳಗೆ ತಣ್ಣಗಿದೆ, ಬಾಡಿಗೆನೂ ಕಮ್ಮಿ. ಇಷ್ಟ್ ಕಮ್ಮಿ ಯಾಕೆ ಅನ್ನೋದೇ ನಮ್ ಮನೆಯವಳ ಅನುಮಾನ. ಆಚೆ ಬಂದು ನೋಡಿದ್ರೆ ಬೀದಿ ಗೋಡೆ ಮೇಲೆ ನನ್ ತಲೆಗಿಂತ ಎತ್ತರದಲ್ಲಿ ಒಂದು ಗೆರೆ, ಪಕ್ಕದಲ್ಲಿ ಇಸವಿ, ನೆರೆ ನೀರು ಅಲ್ಲೀತನಕ ಬಂದಿತ್ತಂತೆ. ನದಿ ನೋಡಿದ್ರೆ ಪಾಪ ಸಾಧು, ಸೇತುವೆ ಕೆಳಗೆ ಬಾತುಕೋಳಿ ಈಜ್ತಾ ಇದ್ವು, ನೀರು ಹರೀತಿದೆಯೋ ನಿಂತಿದೆಯೋ ಗೊತ್ತೇ ಆಗಲ್ಲ.

ಇನ್ನೊಂದು ವಿಚಿತ್ರ. ಅದೇ ದಿನ ನದಿ ಹಿಡ್ಕೊಂಡು ಮೇಲೆ ಸ್ಯಾಂತ್ ಇಪ್ಪೋಲೀತ್ ಊರ್‌ವರೆಗೂ ಹೋದ್ವಿ, ಅಲ್ಲಿ ಸೇತುವೆ ಕೆಳಗೆ ಒಂದ್ ಹನಿ ನೀರಿಲ್ಲ, ಬರೀ ಬಿಳೀ ಉರುಟು ಕಲ್ಲು. ಮೇಲೆ ಇಲ್ದೇ ಇರೋ ನೀರು ಕೆಳಗೆ ಎಲ್ಲಿಂದ ಬಂತು? ಇಂಥಾ ನದಿಗೆ ತಲೆ ಮುಳುಗೋಷ್ಟು ನೆರೆ ಹೆಂಗ್ ಬರುತ್ತೆ? ಗೊತ್ತಿರೋರು ಹೇಳಿ, ಈ ವಾರದಲ್ಲೇ ಅಗ್ರಿಮೆಂಟ್ ಮಾಡಬೇಕು.

ಕಲ್ಲುಮಣ್ಣು:
ಮೊದ್ಲು ಎರಡನೇ ಪ್ರಶ್ನೆಗೆ ಬರ್ತೀನಿ, ಅದು ನನ್ ಇಷ್ಟದ ಸಬ್ಜೆಕ್ಟು. ವಿದೂರ್ಲ್ ಹುಟ್ಟೋದು ಸೆವೆನ್ (Cévennes) ಅನ್ನೋ ಬೆಟ್ಟಸಾಲಿನ ದಕ್ಷಿಣದ ಅಂಚಲ್ಲಿ. ಅಲ್ಲಿಂದ ಸಮುದ್ರಕ್ಕೆ ನೂರು ಕಿ.ಮೀ. ಕೂಡ ಇಲ್ಲ. ಬೆಟ್ಟ ಇಳಿದು ಸ್ಯಾಂತ್ ಇಪ್ಪೋಲೀತ್ ದಾಟೋ ಹೊತ್ತಿಗೆ ನೆಲ ಸುಣ್ಣಕಲ್ಲಾಗಿಬಿಡುತ್ತೆ. ಸುಣ್ಣಕಲ್ಲು ಅಂದ್ರೆ ಗೊತ್ತಲ್ಲ, ಮಳೆನೀರಿಗೆ ಕರಗಿ ಕರಗಿ ಒಳಗೆಲ್ಲ ಬಿರುಕು, ಪೊಟರೆ, ಗುಹೆ. ಬೇಸಿಗೇಲಿ ಹರಿವು ಕಮ್ಮಿ ಆದಾಗ ಇರೋಬರೋ ನೀರೆಲ್ಲ ಪಾತ್ರದ ತಳದಲ್ಲೇ ಇಂಗಿ ಒಳಗೆ ಇಳಿದುಹೋಗುತ್ತೆ, ಮೇಲೆ ನೀವು ನೋಡಿದ ಉರುಟು ಕಲ್ಲು ಅಷ್ಟೇ ಉಳಿಯೋದು.

ಒಳಗೆ ಇಳಿದ ನೀರು ಮುಂದೆ ಸೋವ್ ಅನ್ನೋ ಊರಲ್ಲಿ ಆಚೆ ಬರುತ್ತೆ. ಊರಿನ ಬುಡದಲ್ಲೇ, ಕಲ್ಲಿನ ಸಂದಿಯಿಂದ ಸೆಲೆ ಉಕ್ಕುತ್ತೆ, ಮೇಲಿನ ಪಾತ್ರ ಒಣಗಿದ್ರೂ ಅಲ್ಲಿ ನೀರು ಇರುತ್ತೆ. ಟೈಮ್ ಇದ್ರೆ ಹೋಗಿ ನೋಡಿ. ಅಲ್ಲಿಂದ ಕಿಸ್ಸಾಕ್, ಆಮೇಲೆ ಸೋಮಿಯೇರ್. ಅಲ್ಲಿ ನೀರು ನಿಂತಂಗೆ ಕಂಡಿದ್ದು ಸರಿನೇ, ಕೆಳಭಾಗದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಗಿಡ್ಡ ಒಡ್ಡು ಕಟ್ಟಿದಾರೆ, ಅದರ ಹಿಂದೆ ನೀರು ತುಂಬ್ಕೊಂಡು ನಿಲ್ಲುತ್ತೆ. ಸೋಮಿಯೇರ್ ಆದ್ಮೇಲೆ ಬಯಲು, ಮಾರ್ಸಿಯಾರ್ಗ್ ಹತ್ರ ಎರಡೂ ಕಡೆ ಮಣ್ಣಿನ ಏರಿ ಹಾಕಿ ನದೀನ ಕಟ್ಟಿಹಾಕಿದಾರೆ, ಕೊನೆಗೆ ಗ್ರೋ ದ್ಯು ರುವಾ ಕಡೆ ಹಿನ್ನೀರು, ಸಮುದ್ರ.

ನೀಮ್ ಅಕ್ಕ:
ಹಾಸನದೋರೆ, ಇಲ್ಲಿ ಸಂಸಾರ ಹೂಡಿ ಬಹಳ ವರ್ಷ ಆಯ್ತು ಅಂತ ಅಕ್ಕನ ಥರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಕಡೆ ನದಿಗಳನ್ನ ಬೇಸಿಗೇಲಿ ನೋಡಿ ತೀರ್ಮಾನ ಮಾಡಬಾರದು. ನಮ್ಮೂರಲ್ಲಿ ಜೂನ್‌ಗೆ ಮುಂಗಾರು ಅಂತ ಕಾಯ್ತೀವಲ್ಲ, ಇಲ್ಲಿ ಭಯಪಡೋ ಕಾಲ ಸೆಪ್ಟೆಂಬರ್, ಅಕ್ಟೋಬರ್. ಬೇಸಿಗೆಯೆಲ್ಲ ಕಾದ ಮೆಡಿಟರೇನಿಯನ್ ಸಮುದ್ರದಿಂದ ತೇವದ ಗಾಳಿ ದಕ್ಷಿಣದ ಕಡೆಯಿಂದ ಬಂದು ಸೆವೆನ್ ಬೆಟ್ಟಕ್ಕೆ ಬಡಿಯುತ್ತೆ, ಬಡಿದು ಮೇಲೇಳುತ್ತೆ, ಗುಡುಗು ಮಳೆ ಒಂದೇ ಜಾಗದಲ್ಲಿ ಕೂತ್ಕೊಂಡು ಗಂಟೆಗಟ್ಟಲೆ ಸುರಿಯುತ್ತೆ. ಟೀವಿಯೋರು ಇದಕ್ಕೆ ಎಪಿಸೋದ್ ಸೆವೆನೋಲ್ ಅಂತಾರೆ. ಬೆಟ್ಟ ಕಡಿದು, ದೂರ ಕಮ್ಮಿ, ಬಿದ್ದ ನೀರು ಕೆಲವೇ ಗಂಟೇಲಿ ಸೋಮಿಯೇರ್‌ಗೆ ಬಂದು ನಿಲ್ಲುತ್ತೆ. ಈ ನದಿ ನೆರೆಗೆ ವಿದೂರ್ಲಾದ್ ಅಂತ ಬೇರೆ ಹೆಸರೇ ಇದೆ ಅಂದ್ರೆ ಲೆಕ್ಕ ಹಾಕಿ.

2002ರ ಸೆಪ್ಟೆಂಬರ್ 8, 9ರದ್ದು ಈಗ್ಲೂ ಜನ ಮಾತಾಡ್ತಾರೆ. ಪಕ್ಕದ ಕಣಿವೆ ಆಂದೂಜ್ ಹತ್ರ 24 ಗಂಟೇಲಿ 600 ಮಿ.ಮೀ. ದಾಟಿ ಮಳೆ ಬಿತ್ತು. ಸೋಮಿಯೇರ್ ಇರೋ ಗಾರ್ ಜಿಲ್ಲೇಲಿ ಇಪ್ಪತ್ತಕ್ಕೂ ಜಾಸ್ತಿ ಜನ ತೀರ್ಕೊಂಡ್ರು. ಸೋಮಿಯೇರ್ ಕೆಳಪೇಟೆ ಪೂರ್ತಿ ನೀರಲ್ಲಿತ್ತು. ಅದಕ್ಕೆ ಮುಂಚೆ 1933, 1958, ಹೀಗೇ ಪಟ್ಟಿ ಇದೆ.

ಬ್ಯಾಂಗ್ಳೂರ್ ಬಾಯ್:
ಗುರು ಮೇಲ್ಗಡೆ ಡ್ಯಾಮ್ ಇದೆ ಅಂತ ಮ್ಯಾಪಲ್ಲಿ ಕಾಣ್ತಿದೆ, ಗೇಟ್ ಹಾಕಿ ನಿಲ್ಲಿಸಿದ್ರೆ ಆಯ್ತಲ್ಲ, ಬೇಸಿಗೇಲಿ ನೀರೂ ಬಿಡಬಹುದು, ಎರಡೂ ಸಮಸ್ಯೆ ಕ್ಲಿಯರ್ 😄

ಕಲ್ಲುಮಣ್ಣು:
ನಮ್ ಕೆಆರ್‌ಎಸ್ ಥರ ಅಲ್ಲ ಅದು ಮಾರಾಯ. 1958ರ ನೆರೆ ಆದ್ಮೇಲೆ ಮೇಲ್ಭಾಗದಲ್ಲಿ ಮೂರು ಕಟ್ಟಿದ್ರು, ಸೆರಾಕ್, ಲಾ ರುವಿಯೇರ್, ಕೋಂಕೆರಾಕ್. ಮೂರೂ ಮುಖ್ಯವಾಗಿ ನೆರೆ ತಡೆಯೋಕೆ. ಲಾ ರುವಿಯೇರಲ್ಲಿ ಒಂದಿಷ್ಟು ನೀರು ನಿಲ್ಸಿರ್ತಾರೆ, ಉಳಿದೆರಡರಲ್ಲಿ ಶೇಖರಣೆ ಇಲ್ಲ, ತಳದಲ್ಲಿ ಕಿಂಡಿ ಬಿಟ್ಟಿರ್ತಾರೆ, ಮಾಮೂಲಿ ದಿನ ನದಿ ಅದರೊಳಗೇ ಹರ್ಕೊಂಡು ಹೋಗುತ್ತೆ, ನೆರೆ ಬಂದಾಗ ಕಿಂಡೀಲಿ ಹಿಡಿಸದೇ ಇರೋದು ಹಿಂದೆ ನಿಂತು ಆಮೇಲೆ ನಿಧಾನಕ್ಕೆ ಖಾಲಿ ಆಗುತ್ತೆ. ತುಂಬಿಸಿ ಇಟ್ಕೊಂಡ್ರೆ ನೆರೆಗೆ ಜಾಗ ಎಲ್ಲಿ? ಸಣ್ಣ, ಮಧ್ಯಮ ನೆರೆಗೆ ಚೆನ್ನಾಗೇ ಕೆಲಸ ಮಾಡ್ತವೆ. 2002ರಲ್ಲಿ ಮೂರೂ ಇದ್ವು, ಆದ್ರೂ ಸೋಮಿಯೇರ್ ದಾಟಿದ ನೀರು ಸೆಕೆಂಡಿಗೆ 2000 ಘನ ಮೀಟರ್ ಮೇಲೆ, ನಮ್ ಲೆಕ್ಕದಲ್ಲಿ 70 ಸಾವಿರ ಕ್ಯೂಸೆಕ್ ಮೇಲೆ. ಆಗಸ್ಟಲ್ಲಿ ಕಲ್ಲು ಕಾಣೋ ನದೀಲಿ!

ಹಾಸನದೋರೆ, ನಿಮ್ ಕಮಾನಿನ ವಿಷ್ಯ. ಅಲ್ಲಿ ಸೇತುವೆ ರೋಮನ್ನರದ್ದು, ತಿಬೇರಿಯಸ್ ಚಕ್ರವರ್ತಿ ಕಾಲದ್ದು, ಒಂದನೇ ಶತಮಾನ. ಈಗ ನದಿ ಮೇಲೆ ಏಳು ಕಮಾನು ಕಾಣ್ತವೆ, ಆದ್ರೆ ಸೇತುವೆ ಅಷ್ಟಕ್ಕೇ ಮುಗಿಯಲ್ಲ, ಉಳಿದ ಕಮಾನುಗಳು ಪೇಟೆ ಮನೆಗಳ ಕೆಳಗೆ ಹೂತಿವೆ. ಮಧ್ಯಯುಗದಲ್ಲಿ ಜನ ಬಂದು ನದಿ ಪಾತ್ರದಲ್ಲೇ, ಸೇತುವೆ ಕಮಾನಿಗೆ ಆನಿಸ್ಕೊಂಡೇ ಮನೆ ಕಟ್ಟಿದ್ರು. ಚೌಕದಿಂದ ಸೇತುವೆ ಮಟ್ಟದ ಬೀದಿಗೆ ಮೆಟ್ಲು ಹತ್ತಿ ಹೋಗ್ತೀವಲ್ಲ, ಅದಕ್ಕೇ. ಅಂದ್ರೆ ನೀವು ನೋಡಿದ ಮನೆ ನದಿ ಪಕ್ಕದಲ್ಲಿಲ್ಲ, ನದಿ ಒಳಗೇ ಇದೆ. ನೆರೆ ಬಂದಾಗ ರೋಮನ್ ಇಂಜಿನಿಯರ್ ಬಿಟ್ಟಿದ್ದ ಅಗಲಾನೇ ನೀರು ಕೇಳೋದು. ಇನ್ನೂ ಕೆಳಗೆ ಆಂಬ್ರುಸ್ಸುಂ ಅನ್ನೋ ಹಳೇ ರೋಮನ್ ಊರಿನ ಹತ್ರ ಇನ್ನೊಂದು ರೋಮನ್ ಸೇತುವೆ ಇತ್ತು, ಉಳಿದಿರೋದು ಒಂದೇ ಕಮಾನು, ಅದರ ಜೊತೇದು 1933ರ ನೆರೇಲಿ ಹೋಯ್ತು.

ನೀಮ್ ಅಕ್ಕ:
ಅದೇ ಊರಲ್ಲೇ ಇರಬೇಕು ಅಂದ್ರೆ ಕೋಟೆ ಕಡೆ ಮೇಲ್ಪೇಟೇಲೋ, ಇಲ್ಲಾ ಎರಡನೇ ಮಹಡಿನೋ ನೋಡಿ. ಮನೆ ಮಾಲೀಕರು ಎತಾ ದೆ ರಿಸ್ಕ್ ಪೇಪರ್ (ಆ ಮನೆಗೆ ನೆರೆ ಥರದ ಅಪಾಯ ಇದೆಯಾ ಅಂತ ತಿಳಿಸೋದು) ಕೊಡಲೇಬೇಕು, ಕಾನೂನು ಅದು, ಕೊಡ್ಲಿಲ್ಲ ಅಂದ್ರೆ ಕೇಳಿ ತಗೊಳ್ಳಿ. ಸರ್ಕಾರದ ಜೇಯೊರಿಸ್ಕ್ ಸೈಟಲ್ಲಿ ಅಡ್ರೆಸ್ ಹಾಕಿದ್ರೆ ನೆರೆ ವಲಯ ಹೌದೋ ಅಲ್ವೋ ತೋರಿಸುತ್ತೆ. ಮನೆ ಹಿಡಿದ್ಮೇಲೆ ಮೇರಿಲಿ (ಊರಿನ ಪುರಸಭೆ ಆಫೀಸಲ್ಲಿ) ಫೋನ್ ಅಲರ್ಟ್ ಇದೆಯಾ ಕೇಳಿ ನಂಬರ್ ಬರೆಸಿಡಿ, ಸೆಪ್ಟೆಂಬರಿಂದ ಸರ್ಕಾರದ ನೆರೆ ಎಚ್ಚರಿಕೆ ಸೈಟ್ ವಿಜಿಕ್ರ್ಯೂ ನೋಡ್ತಾ ಇರಿ, ಅಪಾಯ ಏರ್ತಾ ಹೋದಂಗೆ ಬಣ್ಣ ಹಸಿರು, ಹಳದಿ, ಆರೆಂಜ್, ಕೆಂಪು. ಆರೆಂಜ್ ಬಂದ್ರೆ ನದಿ ದಂಡೇಲಿ ನಿಲ್ಸಿರೋ ಕಾರು ಮೊದ್ಲು ಮೇಲಕ್ಕೆ. ಸೆಲ್ಲಾರಿಗೆ, ಅಂಡರ್‌ಗ್ರೌಂಡ್ ಪಾರ್ಕಿಂಗಿಗೆ ಮಾತ್ರ ಇಳೀಲೇಬೇಡಿ, ಕಾರು ಹೋದ್ರೆ ಹೋಗ್ಲಿ.

ಹಾಸನದೋನು:
ಎಲ್ರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮನೆಯವಳಿಗೆ ಓದಿ ಹೇಳ್ದೆ, "ನಾನ್ ಅವತ್ತೇ ಅಂದಿರ್ಲಿಲ್ವಾ" ಅಂದ್ಲು. ಕಮಾನಿನ ಮನೆ ಕ್ಯಾನ್ಸಲ್. ಕಲ್ಲುಮಣ್ಣು ಸರ್, ಆ ಸೋವ್ ಸೆಲೆ ಚೆನ್ನಾಗಿ ಉಕ್ಕೋದು ನೋಡಬೇಕು ಅಂದ್ರೆ ಯಾವಾಗ ಹೋಗಬೇಕು?

ಕಲ್ಲುಮಣ್ಣು:
ಮಳೆ ನಿಂತು ಎರಡು ಮೂರು ದಿನ ಆದ್ಮೇಲೆ. ಮಳೆ ಬರ್ತಿರೋವಾಗ ಹೋಗ್ಬೇಡಿ.