ರೆಕ್ಕೆ ಮುರಿದ ಸಮ್ಮನಸು: ಮೈಯೇ ಇಲ್ಲದ ದೇವದೂತ ಅಂದರೆ ಏನು?

ಬ್ರಶ್‌ವಾಲಾ, ರಾಬರ್ಟ್‌ಸನ್‌ಪೇಟೆ (ಕೆಜಿಎಫ್)

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು. ಈಗ ಚರ್ಚು, ದೇವಸ್ಥಾನಗಳ ಬೊಂಬೆಗಳಿಗೆ ಬಣ್ಣ ಹಚ್ಚುವುದೇ ಜಾಸ್ತಿ. ಹೋದ ತಿಂಗಳು ಒಂದು ಚರ್ಚಿನಲ್ಲಿ ಎರಡು ದೇವದೂತರ ಕೆಲಸ ಸಿಕ್ಕಿತು. ಪೀಠದ ಆಚೆ ಒಂದು, ಈಚೆ ಒಂದು. ಪ್ಲಾಸ್ಟರ್ ಆಫ್ ಪ್ಯಾರಿಸ್, ಎರಡೂ ಒಂದೇ ಅಚ್ಚಿನವು. ಗೂಡಿನಿಂದ ಇಳಿಸುವಾಗ ಹಗ್ಗ ಜಾರಿತು. ತಪ್ಪು ನನ್ನದೇ, ಗಂಟು ಹಾಕಿದ್ದು ನಾನೇ. ಎಡಗಡೆಯವನ ಒಂದು ರೆಕ್ಕೆ ಬುಡಕ್ಕೇ ಮುರಿದು ಬಿತ್ತು.

ಮುರಿದ ಕಡೆ ಒಳಗಿನ ಕಬ್ಬಿಣದ ತಂತಿ ಕಾಣುತ್ತಿತ್ತು. ತುಕ್ಕು ಹಿಡಿದು ಉಬ್ಬಿತ್ತು. ಸುತ್ತಲಿನ ಪ್ಲಾಸ್ಟರ್ ಕಂದಾಗಿ, ಬೆಲ್ಲದ ಪುಡಿ ಥರ ಉದುರುತ್ತಿತ್ತು. ಹಗ್ಗ ಜಾರದಿದ್ದರೂ ಇನ್ನೆರಡು ಮಳೆಗಾಲಕ್ಕೆ ತಾನಾಗಿಯೇ ಬೀಳುತ್ತಿತ್ತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಷ್ಟು ಪ್ಲಾಸ್ಟರ್ ಬೇಕು ಅಂತ ಲೆಕ್ಕ ಸಿಗಲಿ ಎಂದು ಆ ರೆಕ್ಕೆಯನ್ನು ಪಕ್ಕದ ತರಕಾರಿ ಅಂಗಡಿಯ ತಕ್ಕಡಿಗೆ ಹಾಕಿದೆ. 3 ಕೆಜಿ 200 ಗ್ರಾಂ. ಅಂಗಡಿಯವಳು "ಕಿಲೋ ಎಷ್ಟಣ್ಣ?" ಅಂತ ನಕ್ಕಳು.

ಫಾದರ್ ಬೈಯಲಿಲ್ಲ. "ದೇವದೂತರಿಗೆ ಮೈಯೇ ಇಲ್ಲಪ್ಪ, ಇನ್ನು ರೆಕ್ಕೆ ಎಲ್ಲಿಂದ ಬಂತು? ನಿಧಾನಕ್ಕೆ ಮಾಡಿಕೊಡು" ಅಂದರು. ಅವತ್ತಿನಿಂದ ಆ ಮಾತೇ ತಲೆ ಕೊರೆಯುತ್ತಿದೆ. ನಮ್ಮ ಮನೆ ಮಾತು ತಮಿಳು. ಅಜ್ಜಿ ದೇವದೂತನನ್ನು ಸಮ್ಮನಸು ಅನ್ನುತ್ತಿದ್ದಳು. ಮಲಗುವಾಗ ಚಾಪೆಯ ಅಂಚಲ್ಲಿ ಒಂದು ಗೇಣು ಬಿಡು, ನಿನ್ನ ಸಮ್ಮನಸೂ ಮಲಗಬೇಕು ಅನ್ನುತ್ತಿದ್ದಳು. ನಾನು ಬಿಡುತ್ತಿದ್ದೆ. ಚಳಿಗಾಲದಲ್ಲೂ.

ಮೈ ಇಲ್ಲದವನಿಗೆ ಚಾಪೆ ಯಾಕೆ? ಮೈ ಇಲ್ಲ ಅಂದರೆ ಗಾಳಿ ಥರ ತೆಳ್ಳಗಿದ್ದಾನೆ ಅಂತಲಾ, ಇಲ್ಲ ನಿಜವಾಗಲೂ ಏನೂ ಇಲ್ಲವಾ? ಏನೂ ಇಲ್ಲದಿದ್ದರೆ 'ಇದ್ದಾನೆ' ಅನ್ನೋದು ಹೇಗೆ? ಓದಿದವರು ಹೇಳಿ. ನಾನು ಎಸ್ಸೆಸ್ಸೆಲ್ಸಿ, ಅದು ನೆನಪಿರಲಿ.

ಬಂಗಾರಪೇಟೆ ಪ್ಯಾಸೆಂಜರ್

ಅಣ್ಣಾ, ಉತ್ತರ ನಿಮ್ಮೂರ ನೆಲದಡಿಯಲ್ಲೇ ಇದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2 ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣವನ್ನು ಹಿಡಿದರಲ್ಲ? ಅದು ಇಡೀ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ. ಈಗಲೂ ನಿಮ್ಮ ಮೈಯೊಳಗೆ ಕೋಟಿಗಟ್ಟಲೆ ಹಾದುಹೋಗುತ್ತಿವೆ, ಗೊತ್ತಾಗುತ್ತಾ? ದೇವದೂತರೂ ಅದೇ ಥರ. ಸಿಂಪಲ್.

ನಿವೃತ್ತ ಮೇಷ್ಟ್ರು, ತುಮಕೂರು

ಅಷ್ಟು ಸಿಂಪಲ್ ಅಲ್ಲ ತಮ್ಮಾ. ನ್ಯೂಟ್ರಿನೋ ಎಷ್ಟೇ ಸಣ್ಣದಾದರೂ ವಸ್ತುವೇ. ಅದಕ್ಕೂ ಒಂದಿಷ್ಟು ತೂಕ ಇದೆ. ಅಪರೂಪಕ್ಕೆ ಬಂಡೆಗೆ ಡಿಕ್ಕಿ ಹೊಡೆಯುತ್ತದೆ. ಹಾಗೆ ಹೊಡೆದಿದ್ದಕ್ಕೇ ಗಣಿಯಲ್ಲಿ ಸಿಕ್ಕಿಬಿದ್ದಿದ್ದು. ತೆಳ್ಳಗಿರುವುದು ಬೇರೆ, ಮೈ ಇಲ್ಲದಿರುವುದು ಬೇರೆ. ತೆಳ್ಳಗೆ ಮಾಡುತ್ತಾ ಹೋದರೆ ಕೊನೆಗೆ ತೆಳ್ಳಗಿನ ವಸ್ತು ಸಿಗುತ್ತದೆಯೇ ಹೊರತು ದೇವದೂತ ಸಿಗುವುದಿಲ್ಲ.

ಬ್ರಶ್‌ವಾಲಾ ಅವರೇ, ನೀವು ಸುಮ್ನೆ ಹೇಳಿಬಿಟ್ಟ ಒಂದು ಮಾತಿದೆಯಲ್ಲ, 'ಎರಡೂ ಒಂದೇ ಅಚ್ಚಿನವು' ಅಂತ. ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ (1225–1274) ತಲೆ ಕೆಡಿಸಿಕೊಂಡಿದ್ದು ಅಲ್ಲೇ. ಅಚ್ಚು ಒಂದೇ ಆದರೆ ಬೊಂಬೆ ಎರಡಾಗಿದ್ದು ಹೇಗೆ? ಪ್ಲಾಸ್ಟರಿನಿಂದ. ಈ ಬಕೆಟ್ಟಿನದು ಒಂದು, ಆ ಬಕೆಟ್ಟಿನದು ಇನ್ನೊಂದು. ಈಗ ಪ್ಲಾಸ್ಟರನ್ನು ಪೂರ್ತಿ ತೆಗೆದು ಬರೀ ರೂಪವನ್ನು ಉಳಿಸಿ ನೋಡಿ. ಎಡಗಡೆಯವನು ಯಾರು, ಬಲಗಡೆಯವನು ಯಾರು? ಹೇಳಲು ಏನೂ ಉಳಿಯುವುದಿಲ್ಲ. ಅಕ್ವಿನಾಸ್ ಹೇಳುವ ದೇವದೂತ ಅಂಥ ಬರೀ ರೂಪ. ಅದಕ್ಕೇ ಒಂದೇ ಜಾತಿಯಲ್ಲಿ ಇಬ್ಬರು ದೇವದೂತರು ಇರಲು ಸಾಧ್ಯವೇ ಇಲ್ಲ ಅಂದ. ಒಬ್ಬೊಬ್ಬನೂ ಒಂದೊಂದು ಜಾತಿ. ಗೇಬ್ರಿಯಲ್‌ಗೂ ಮೈಕೇಲ್‌ಗೂ ಇರುವ ವ್ಯತ್ಯಾಸ ನಿಮಗೂ ನನಗೂ ಇರುವಂಥದ್ದಲ್ಲ, ಹಸುವಿಗೂ ಕುದುರೆಗೂ ಇರುವಂಥದ್ದು.

ಎಲ್ಲರೂ ಒಪ್ಪಲಿಲ್ಲ ಬಿಡಿ. ಅವನ ಕಾಲದವನೇ ಆದ ಇನ್ನೊಬ್ಬ ಕ್ರೈಸ್ತ ಪಂಡಿತ ಬೊನವೆಂಚರ್, ದೇವದೂತರಲ್ಲೂ ಒಂದು ಬಗೆಯ ದ್ರವ್ಯ (ಬೊಂಬೆಗೆ ಪ್ಲಾಸ್ಟರ್ ಇದ್ದ ಹಾಗೆ) ಇದೆ, ಆದರೆ ಅದು ಮೈಯಲ್ಲ ಅಂದ. 1277ರಲ್ಲಿ ಪ್ಯಾರಿಸ್‌ನ ಬಿಷಪ್ 219 ವಾದಗಳನ್ನು ನಿಷೇಧಿಸಿದಾಗ, ದ್ರವ್ಯವಿಲ್ಲದೆ ಒಂದೇ ಜಾತಿಯ ಹಲವರನ್ನು ದೇವರು ಮಾಡಲಾರ ಅನ್ನುವ ವಾದವೂ ಆ ಪಟ್ಟಿಯಲ್ಲಿತ್ತು. ದೇವರ ಕೈಲಿ ಆಗಲ್ಲ ಅನ್ನೋಕೆ ನೀವ್ಯಾರು ಅಂತ!

ಮೈ ತೆಗೆದರೆ ಏನು ಉಳಿಯುತ್ತದೆ ಅಂದಿರಿ. ತಿಳಿಯುವುದು ಉಳಿಯುತ್ತದೆ, ಬಯಸುವುದು ಉಳಿಯುತ್ತದೆ. ಅಕ್ವಿನಾಸ್ ಲೆಕ್ಕದಲ್ಲಿ ಅಷ್ಟಿದ್ದರೆ 'ಇದ್ದಾನೆ' ಅನ್ನಲು ಸಾಕು. ಕಣ್ಣಿಲ್ಲ, ಆದ್ದರಿಂದ ನೋಡಿ ಕಲಿಯುವುದಿಲ್ಲ. ಹುಟ್ಟುವಾಗಲೇ ತಿಳಿವಳಿಕೆ ಇಟ್ಟು ಕಳಿಸಿರುತ್ತದೆ. ನಮ್ಮ ಹಾಗೆ 'ಇದು ಹೀಗಾದರೆ ಅದು ಹಾಗೆ' ಅಂತ ಮೆಟ್ಟಿಲು ಹತ್ತುವುದೂ ಇಲ್ಲ, ಒಂದೇ ನೋಟಕ್ಕೆ ಗೊತ್ತು. (ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದು ಹೊಟ್ಟೆಕಿಚ್ಚಿನ ವಿಷಯ.)

ಚಾಪೆ ವಿಷಯ: ದೇವದೂತ ಜಾಗ ತುಂಬುವುದಿಲ್ಲ. ಎಲ್ಲಿ ಅವನ ಕೆಲಸ ನಡೆಯುತ್ತದೋ ಅಲ್ಲಿ ಅವನು ಇದ್ದಾನೆ ಅನ್ನುತ್ತೇವೆ, ಅಷ್ಟೆ. ಒಂದು ಹೊತ್ತಿಗೆ ಒಂದೇ ಕಡೆ. ನೀವು ಆ ಗೇಣು ಬಿಡದಿದ್ದರೂ ನಡೆಯುತ್ತಿತ್ತು.

ಸೈಕಲ್ ಶಾಪ್, ಮುಳಬಾಗಿಲು

ನಮ್ಮಲ್ಲಿ ಫರಿಶ್ತೆಗಳನ್ನು (ದೇವದೂತರನ್ನು) ನೂರ್‌ನಿಂದ ಅಂದರೆ ಬೆಳಕಿನಿಂದ, ಜಿನ್ನುಗಳನ್ನು ಬೆಂಕಿಯಿಂದ, ಆದಮರನ್ನು ಮಣ್ಣಿನಿಂದ ಮಾಡಿದ್ದು ಅಂತ ಹದೀಸಿನಲ್ಲಿದೆ, ಅಂದರೆ ಪ್ರವಾದಿಯವರ ಮಾತುಗಳಲ್ಲಿ. ರೆಕ್ಕೆಯೂ ಇದೆ. ಕುರ್‌ಆನಿನ 35ನೇ ಅಧ್ಯಾಯದ ಮೊದಲ ವಚನದಲ್ಲೇ ಎರಡು, ಮೂರು, ನಾಲ್ಕು ರೆಕ್ಕೆಯವರು ಅಂತ ಬರುತ್ತದೆ. ಇಬ್ನ್ ಸೀನಾ ಥರದ ತತ್ವಜ್ಞಾನಿಗಳು ಬರೀ ಬುದ್ಧಿ ಅಂದರು. ಉಲೇಮಾಗಳು, ಅಂದರೆ ಧರ್ಮಪಂಡಿತರು, ಹೆಚ್ಚಾಗಿ ಬೆಳಕಿನ ಮೈ ಅಂತಲೇ ಹೇಳುವುದು. ನಾವಂತೂ ಬೊಂಬೆ ಮಾಡುವುದಿಲ್ಲ, ಆದ್ದರಿಂದ ಹಗ್ಗ ಜಾರುವ ಭಯ ಇಲ್ಲ.

ದಮಯಂತಿ ಫ್ಯಾನ್, ಚಿಕ್ಕಬಳ್ಳಾಪುರ

ನಮ್ಮ ದೇವತೆಗಳನ್ನೂ ಇವರ ಜೊತೆ ಸೇರಿಸಿಬಿಡುತ್ತಾರೆ ಜನ. ಬೇಡ. ಸ್ವಯಂವರದಲ್ಲಿ ನಳನ ವೇಷ ಹಾಕಿ ಕೂತ ದೇವತೆಗಳನ್ನು ದಮಯಂತಿ ಹೇಗೆ ಕಂಡುಹಿಡಿದಳು? ಬೆವರಿಲ್ಲ, ರೆಪ್ಪೆ ಬಡಿಯುತ್ತಿಲ್ಲ, ಮಾಲೆ ಬಾಡಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಅಂದರೆ ಮೈ ಇದೆ. ಧೂಳು ಹಿಡಿಯದ ಮೈ.

ಮೈ ಬೇಡ ಅಂದವರು ಮೀಮಾಂಸಕರು, ವೇದದ ಯಜ್ಞವಿಧಿಗಳ ಅರ್ಥ ವಿಚಾರಿಸುವ ಪಂಡಿತರು. ಒಂದೇ ಹೊತ್ತಿಗೆ ಹತ್ತು ಊರಲ್ಲಿ ಯಜ್ಞ ನಡೆದರೆ ಮೈ ಇರುವ ಇಂದ್ರ ಯಾವ ಊರಿಗೆ ಹೋಗಬೇಕು ಅಂತ ಅವರ ಕಡೆಯ ಪ್ರಶ್ನೆ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದಕ್ಕೆ ಉತ್ತರ ಕೊಡುತ್ತಾರೆ: ಯೋಗಿಯೇ ಹಲವು ಮೈ ತಾಳಬಲ್ಲ, ದೇವತೆಗೆ ಆಗಲ್ವಾ? ತಮಾಷೆ ನೋಡಿ ಮೇಷ್ಟ್ರೇ. ನಿಮ್ಮ ಮೈ ಇಲ್ಲದವನು ಒಂದು ಹೊತ್ತಿಗೆ ಒಂದೇ ಕಡೆ ಇರುತ್ತಾನೆ. ನಮ್ಮ ಮೈ ಇರುವವನು ಹತ್ತು ಕಡೆ.

ನಿವೃತ್ತ ಮೇಷ್ಟ್ರು, ತುಮಕೂರು

ಇದು ನನಗೆ ಹೊಳೆದಿರಲಿಲ್ಲ ಕಣಮ್ಮಾ.

ಬ್ರಶ್‌ವಾಲಾ, ರಾಬರ್ಟ್‌ಸನ್‌ಪೇಟೆ (ಕೆಜಿಎಫ್)

ಎಲ್ಲರಿಗೂ ಥ್ಯಾಂಕ್ಸ್. ಒಬ್ಬೊಬ್ಬ ದೇವದೂತನೂ ಒಂದೊಂದು ಜಾತಿ ಅಂತ ಹೆಂಡತಿಗೆ ಹೇಳಿದೆ. "ಅಲ್ಲೂ ಜಾತೀನಾ?" ಅಂದಳು. ಪ್ಯಾಸೆಂಜರ್ ತಮ್ಮಾ, ನಮ್ಮಪ್ಪ ಅದೇ ಗಣಿಗೆ ಇಳಿಯುತ್ತಿದ್ದವನು, 2001ರಲ್ಲಿ ಮುಚ್ಚುವವರೆಗೂ. ಸಿಲಿಕಾ ಧೂಳಿನ ಮಾತು ದಿನಾ ಆಡುತ್ತಿದ್ದ. ನ್ಯೂಟ್ರಿನೋ ಹೆಸರು ಒಂದು ಸಲವೂ ಅವನ ಬಾಯಲ್ಲಿ ಬರಲಿಲ್ಲ.

ರೆಕ್ಕೆ ಆಯಿತು. ಬಲಗಡೆಯವನ ರೆಕ್ಕೆಯಿಂದಲೇ ರಬ್ಬರ್ ಅಚ್ಚು ತೆಗೆದೆ. ಈ ಸಲ ಒಳಗೆ ಸ್ಟೇನ್‌ಲೆಸ್ ತಂತಿ. ತಕ್ಕಡಿಗೆ ಹಾಕಿದರೆ 2 ಕೆಜಿ 900. ಇನ್ನೂ ಹಗುರ ಮಾಡಬಹುದಿತ್ತು, ಆದರೆ ತೆಳ್ಳಗೆ ಮಾಡಿದರೆ ದೇವದೂತ ಸಿಗಲ್ಲ ಅಂತ ಮೇಷ್ಟ್ರು ಹೇಳಿಬಿಟ್ಟಿದ್ದಾರಲ್ಲ. ಹೊಸ ರೆಕ್ಕೆಯ ತುದಿ ಗರಿ ಸ್ವಲ್ಪ ಮೊಂಡಾಗಿದೆ. ಹತ್ತಿರ ನಿಂತು ನೋಡಿದವರಿಗೆ ಈಗ ಎಡಗಡೆಯವನು ಯಾರು ಅಂತ ಗೊತ್ತಾಗುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ಗೂಡಿಗೆ ಏರಿಸಬೇಕು. ಹಗ್ಗ ಎರಡು ತಂದಿದ್ದೇನೆ.