ನಿನ್ನೆ ರಾತ್ರಿ ಚಿಮ್ನಿಯ ಇಟ್ಟಿಗೆ ಬಿತ್ತು

3ನೇ ಮನೆ: ಯಾರಾದ್ರೂ ಎದ್ದಿದ್ದೀರಾ? ರಾತ್ರಿ ಎರಡು ಗಂಟೆಗೆ ಹಳೇ ಹಂಚಿನ ಕಾರ್ಖಾನೆಯ ಚಿಮ್ನಿಯ ತುದಿಯಿಂದ ಇಟ್ಟಿಗೆ ಬಿದ್ದು ನಮ್ಮ ಬಚ್ಚಲಿನ ಶೀಟ್ ಒಡೆದಿದೆ. ಗೋಡೆಯಾಚೆ ಅಮ್ಮ ಮಲಗಿದ್ದರು. ಹೋದ ಮಳೆಗಾಲದಲ್ಲೇ ಹೇಳಿದ್ದೆ. ಇನ್ನು ಸುಮ್ನೆ ಕೂರುವುದಿಲ್ಲ.

ಮೂಲೆಮನೆ ಅಕ್ಕ: ಅಯ್ಯೋ, ಅಮ್ಮನಿಗೆ ಏನೂ ಆಗಿಲ್ಲ ಅಲ್ವಾ?

5ನೇ ಮನೆ: ಕೆಡವಿಸಿಬಿಡೋಣ. ಭಟ್ಟಿ ಆರಿ ಎಷ್ಟು ವರ್ಷ ಆಯ್ತು!

ಮಾಸ್ಟ್ರು: ಕೆಡವುವ ಮಾತು ಬೇಡ. ಮಂಗಳೂರು ಹಂಚಿನ ಹುಟ್ಟೂರು ಇದು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಹಾಕಿದರು. ಜೇಡಿಮಣ್ಣಿಗೆ ನೇತ್ರಾವತಿ, ಸಾಗಿಸಲು ಬಂದರು. 1914ರಲ್ಲಿ ಯುದ್ಧ ಬಂತು. ಮಿಷನ್ನಿನ ಜರ್ಮನ್ನರನ್ನು ಬ್ರಿಟಿಷರು ಹಿಡಿದಿಟ್ಟರು. ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಹೋದವು.

5ನೇ ಮನೆ: ಅದು ಜೆಪ್ಪುವಿನ ಕಥೆ ಮಾಸ್ಟ್ರೆ. ನಮ್ಮದು ಆಮೇಲೆ ಊರಿನವರೇ ಹಾಕಿದ್ದು.

ಮಾಸ್ಟ್ರು: ಜೆಪ್ಪು ನೋಡಿಯೇ ಅಲ್ವಾ ಉಳಿದವರು ಕಲಿತದ್ದು? ನನ್ನ ತಂದೆ ಇದೇ ಭಟ್ಟಿಗೆ ಸೌದೆ ಹಾಕಿದವರು. ಹೊಗೆ ನೆಲದಡಿಯ ಸುರಂಗದಲ್ಲಿ ಬಂದು ಚಿಮ್ನಿ ಏರುತ್ತಿತ್ತು. ಚಿಮ್ನಿ ಎಳೆಯದಿದ್ದರೆ ಬೆಂಕಿ ಏಳುವುದಿಲ್ಲ, ಹಂಚು ಬೇಯುವುದಿಲ್ಲ.

ಮೂಲೆಮನೆ ಅಕ್ಕ: (ಫಾರ್ವರ್ಡ್) ಭಾರೀ ಮಳೆ, ನಾಳೆ ಶಾಲೆಗಳಿಗೆ ರಜೆ. ಎಲ್ಲರಿಗೂ ಕಳಿಸಿ.

7ನೇ ಮನೆ: ಅದು ಹೋದ ವರ್ಷದ್ದು ಅಕ್ಕ! ನಮ್ಮ ಮಕ್ಕಳು ಆಗಲೇ ಕುಣಿಯುತ್ತಿದ್ದಾರೆ.

3ನೇ ಮನೆ: ಫೋಟೋ ನೋಡಿ. ಬಿದ್ದ ಇಟ್ಟಿಗೆಗೆ ಅಶ್ವತ್ಥದ ಬೇರು ಬಲೆಯ ಹಾಗೆ ಸುತ್ತಿಕೊಂಡಿದೆ. ಗಾರೆ ಕೈಯಲ್ಲಿ ಹಿಡಿದರೆ ಪುಡಿ. ಕಬ್ಬಿಣದ ಪಟ್ಟಿಗೂ ತುಕ್ಕು. ನನಗೂ ಚಿಮ್ನಿ ಬೇಕು ಮಾಸ್ಟ್ರೆ. ಗಿಡ ತೆಗೆಸಿ, ಸಡಿಲವಾದ ಸಾಲು ಇಳಿಸಿ ಮತ್ತೆ ಕಟ್ಟಿಸಬೇಕು. ಇಂಜಿನಿಯರ್ ಕರೆಸಲು ಮನೆಗೆ ಇಷ್ಟು ಅಂತ ಹಾಕೋಣ.

ಮೂಲೆಮನೆ ಅಕ್ಕ: ಅಶ್ವತ್ಥ ಕಡಿಯಬಾರದು ತಂಗಿ.

5ನೇ ಮನೆ: ದುಡ್ಡು ನಾವ್ಯಾಕೆ? ಜಾಗದವರು ಕೊಡಲಿ. ಗೇಟಿಗೆ ಬೀಗ ಹಾಕಿ ಕೂತಿದ್ದಾರೆ, ಫೋನೂ ಎತ್ತುವುದಿಲ್ಲ.

ಮಾಸ್ಟ್ರು: ಅವರನ್ನು ಮಾತ್ರ ಬೈಯಬೇಡಿ. ಹಂಚು ತೆಗೆದು ತಾರಸಿ ಹಾಕಿದವರು ಯಾರು?

5ನೇ ಮನೆ: ನಿಮ್ಮದೂ ತಾರಸಿಯೇ ಮಾಸ್ಟ್ರೆ!

7ನೇ ಮನೆ: ಆ ಕಂಪೌಂಡಿನ ನೀರೆಲ್ಲ ನಮ್ಮ ತೋಡಿಗೆ ಬರುತ್ತಿದೆ. ನನ್ನ ಅಂಗಳದಲ್ಲಿ ಮೊಣಕಾಲು ನೀರು. ಮೊದಲು ಅದನ್ನು ನೋಡಿ.

ಮೂಲೆಮನೆ ಅಕ್ಕ: ಹೌದು, ನಮ್ಮ ಬಾವಿಗೂ ಕೆಸರು ನುಗ್ಗಿದೆ.

ಮಾಸ್ಟ್ರು: ಸರಿ, ಭಾನುವಾರ 8 ಗಂಟೆಗೆ ತೋಡಿನ ಹತ್ತಿರ ಸೇರೋಣ. ಹಾರೆ, ಬುಟ್ಟಿ ತನ್ನಿ.

3ನೇ ಮನೆ: ಬರುತ್ತೇನೆ. ಚಿಮ್ನಿಯ ಅರ್ಜಿ ಬರೆದಿದ್ದೇನೆ, ಅಲ್ಲೇ ಸಹಿ ಹಾಕಿ. ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದೇವೆ.

7ನೇ ಮನೆ: ತೋಡಿಗೆ ಜೆಸಿಬಿ ಸಿಗುತ್ತಾ?