ಪೆಗ್ಮಟೈಟ್ ಗಣಿಯ ಫಾಸ್ಫೇಟ್ ಕಲ್ಲುಗಳಿಗೆ ಹೆಸರು ಹುಡುಕುವುದು ಹೇಗೆ?

ಪ್ರಶ್ನೆ: ಹಳೆಯ ಪೆಗ್ಮಟೈಟ್ (ದೊಡ್ಡ ದೊಡ್ಡ ಹರಳುಗಳಿರುವ, ಗ್ರಾನೈಟ್ ಜಾತಿಯ ಕಲ್ಲು) ಗಣಿಯೊಂದರ ಕಲ್ಲುರಾಶಿಯಿಂದ, ಅನುಮತಿ ಪಡೆದು, ಕೆಲವು ಮಾದರಿ ತಂದಿದ್ದೇನೆ. ಬೂದು ಬಣ್ಣದ ಗಟ್ಟಿ ಕಲ್ಲು, ಅದರ ಹೊರಗೆ ಕಡು ನೇರಳೆ ಪದರ. ಪುಟ್ಟ ಪೊಟರೆಗಳಲ್ಲಿ ಒಣಹುಲ್ಲಿನ ಬಣ್ಣದ ಕೂದಲೆಳೆಗಳು, ಕಿತ್ತಳೆ ಹರಳುಗಳು, ಕಡು ಹಸಿರು ಗುಂಡುಗಳು. ಫೋಟೋಗಳ ಜೊತೆ ಹೋಲಿಸಿದರೆ ಒಂದೊಂದಕ್ಕೂ ನಾಲ್ಕೈದು ಹೆಸರು ಹೊಂದುತ್ತವೆ. ಲ್ಯಾಬ್‌ಗೆ ಕೊಡಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1

ಚಂದದ ಹರಳುಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಬೂದು ಕಲ್ಲನ್ನು ನೋಡಿ. ಉಳಿದದ್ದೆಲ್ಲ ಹುಟ್ಟಿರುವುದು ಅದರಿಂದಲೇ, ಹಾಗಾಗಿ ಅದು ಏನೆಂದು ಗೊತ್ತಾದರೆ ಉಳಿದವುಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ನೀವು ಹೇಳುತ್ತಿರುವುದು ಟ್ರಿಫೈಲೈಟ್ ಇರಬಹುದು. ಲಿಥಿಯಂ ಮತ್ತು ಕಬ್ಬಿಣದ ಫಾಸ್ಫೇಟ್ ಅದು, ಅಂದರೆ ಅವುಗಳ ಜೊತೆ ರಂಜಕ, ಆಮ್ಲಜನಕ ಸೇರಿದ ಖನಿಜ. ಹೊಸದಾಗಿ ಒಡೆದ ಮುಖ ನೀಲಿ ಬೂದು ಅಥವಾ ಹಸಿರು ಬೂದು ಇರುತ್ತದೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಕಬ್ಬಿಣಕ್ಕಿಂತ ಮ್ಯಾಂಗನೀಸ್ ಜಾಸ್ತಿ ಇದ್ದರೆ ಲಿಥಿಯೋಫಿಲೈಟ್. ಅದರ ಬಣ್ಣ ಕಂದು ಅಥವಾ ತಿಳಿಗುಲಾಬಿಯ ಕಡೆಗೆ ವಾಲುತ್ತದೆ.

ಈಗ ನೇರಳೆ ಪದರ. ಟ್ರಿಫೈಲೈಟ್‌ನ ಕಬ್ಬಿಣ ಆಕ್ಸಿಡೀಕರಣ ಆಗುತ್ತಾ ಹೋದಂತೆ ಲಿಥಿಯಂ ಹೊರಬೀಳುತ್ತದೆ. ಮೊದಲು ಕಂದು ಬಣ್ಣದ ಫೆರಿಸಿಕ್ಲರೈಟ್, ಕೊನೆಗೆ ನೇರಳೆ ಹೆಟೆರೋಸೈಟ್. ಖನಿಜ ಶಾಸ್ತ್ರದವರು ಇದನ್ನು ಕ್ವೆನ್ಸೆಲ್-ಮೇಸನ್ ಸರಣಿ ಎನ್ನುತ್ತಾರೆ. ಒಂದು ತುಂಡನ್ನು ಹತ್ತು ಪಟ್ಟಿನ ಲೆನ್ಸ್ ಕೆಳಗೆ ಹಿಡಿದು ಹೊರಗಿನಿಂದ ಒಳಕ್ಕೆ ನಿಧಾನವಾಗಿ ನೋಡಿ. ಕಪ್ಪು ಸಿಪ್ಪೆ, ಅದರ ಕೆಳಗೆ ನೇರಳೆ, ಆಮೇಲೆ ತೆಳು ಕಂದು ಪಟ್ಟಿ, ನಡುವೆ ಬೂದು. ನೇರಳೆ ಬಣ್ಣ ಸೀಳುಗಳ ಗುಂಟ ಒಳಗೆ ಇಳಿದಿರುತ್ತದೆ. ಈ ಕ್ರಮ ಒಂದೇ ತುಂಡಿನಲ್ಲಿ ಕಂಡರೆ ದೊಡ್ಡ ಕೆಲಸ ಮುಗಿದ ಹಾಗೆ.

ನೇರಳೆ ಕಂಡ ಕೂಡಲೇ ಪರ್ಪುರೈಟ್ ಎಂದು ಚೀಟಿ ಅಂಟಿಸುವುದು ಬಹಳ ಕಡೆ ನಡೆಯುತ್ತದೆ. ಪರ್ಪುರೈಟ್ ಅನ್ನಬೇಕಾದರೆ ಕಬ್ಬಿಣಕ್ಕಿಂತ ಮ್ಯಾಂಗನೀಸ್ ಜಾಸ್ತಿ ಇರಬೇಕು. ಅದು ಕಣ್ಣಿಗೆ ತಿಳಿಯುವುದಿಲ್ಲ. ಮಾರಾಟಕ್ಕಿರುವ ಕಣ್ಣು ಕುಕ್ಕುವ ನೇರಳೆ ತುಂಡುಗಳನ್ನು ಎಷ್ಟೋ ಸಲ ಆಸಿಡ್‌ನಲ್ಲಿ ತೊಳೆದು ಕಪ್ಪು ಸಿಪ್ಪೆ ತೆಗೆದಿರುತ್ತಾರೆ. ಅವುಗಳ ಜೊತೆ ನಿಮ್ಮದನ್ನು ಹೋಲಿಸಬೇಡಿ.

ಪೊಟರೆಗಳ ವಿಷಯ ಬೇರೆ. ಅಲ್ಲಿ ನೀರು ತಾಯಿಕಲ್ಲನ್ನು ಕರಗಿಸಿ, ಅದೇ ಕಬ್ಬಿಣ, ಮ್ಯಾಂಗನೀಸ್, ರಂಜಕ ಮತ್ತೆ ಹೊಸ ರೂಪದಲ್ಲಿ ಹರಳುಗಟ್ಟಿವೆ. ಹುಲ್ಲುಬಣ್ಣದ ಕೂದಲೆಳೆ ಸಾಮಾನ್ಯವಾಗಿ ಸ್ಟ್ರುಂಝೈಟ್. ಆದರೆ ಕಬ್ಬಿಣವೇ ತುಂಬಿದ ಫೆರಿಸ್ಟ್ರುಂಝೈಟ್ ಕೂಡ ನೋಡಲು ಹಾಗೆಯೇ ಇರುತ್ತದೆ. ಕಿತ್ತಳೆ ಹರಳು ಬೆಣೆಯಂತೆ ಓರೆಯಾಗಿದ್ದರೆ ಲಾವೈಟ್ ಎಂದು ಅನುಮಾನಿಸಬಹುದು. ಜರ್ಮನಿಯ ಬವೇರಿಯಾದ ಹಾಗೆನ್‌ಡಾರ್ಫ್‌ನಿಂದ 1954ರಲ್ಲಿ ವಿವರಿಸಿದ ಖನಿಜ ಅದು. ಸೂಡೋಲಾವೈಟ್, ಸ್ಟೆವರ್ಟೈಟ್ ಕೂಡ ಅದೇ ಧಾತುಗಳಿಂದ ಆದವು, ಎಷ್ಟೋ ಸಲ ಒಂದೇ ಪೊಟರೆಯಲ್ಲಿ ಸಿಗುತ್ತವೆ. ಹಸಿರು ಗುಂಡುಗಳ ಬಗ್ಗೆ ಮಾತ್ರ ನಾನು ಯಾವತ್ತೂ ಕಣ್ಣಳತೆಯಲ್ಲಿ ಹೆಸರು ಹೇಳುವುದಿಲ್ಲ. ರಾಕ್‌ಬ್ರಿಡ್ಜೈಟ್, ಡುಫ್ರೆನೈಟ್, ಬೆರೌನೈಟ್ ಮೂರೂ ನಡುವಿನಿಂದ ಹರಡಿದ ಎಳೆಗಳ ಗುಂಡಾಗಿ ಬೆಳೆಯಬಲ್ಲವು.

ಉತ್ತರ 2

ಲ್ಯಾಬ್ ಕಡೆಯಿಂದ ಒಂದು ಮಾತು. ಕೊಡುವ ಮೊದಲು ಯಾವ ಪರೀಕ್ಷೆ ಬೇಕು ಎಂದು ನೀವೇ ತೀರ್ಮಾನಿಸಿ. ಹೆಚ್ಚಿನವರು ಇಡಿಎಸ್ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾದರಿಯಿಂದ ಹೊಮ್ಮುವ ಎಕ್ಸ್-ಕಿರಣ ಅಳೆಯುವ ಪರೀಕ್ಷೆ) ಕೇಳುತ್ತಾರೆ, ಯಾಕೆಂದರೆ ಅದು ಬೇಗ ಆಗುತ್ತದೆ. ಯಾವ ಯಾವ ಧಾತು ಇದೆ ಎಂದು ಅದು ತೋರಿಸುತ್ತದೆ ನಿಜ. ಆದರೆ ಸಾಮಾನ್ಯ ಇಡಿಎಸ್‌ಗೆ ಲಿಥಿಯಂ ಕಾಣುವುದಿಲ್ಲ, ನೀರೂ ಕಾಣುವುದಿಲ್ಲ, ಕಬ್ಬಿಣ ಆಕ್ಸಿಡೀಕರಣ ಆಗಿದೆಯೋ ಇಲ್ಲವೋ ಎಂಬುದೂ ಗೊತ್ತಾಗುವುದಿಲ್ಲ. ಅಂದರೆ ಟ್ರಿಫೈಲೈಟ್‌ಗೂ ಹೆಟೆರೋಸೈಟ್‌ಗೂ ಸುಮಾರಾಗಿ ಒಂದೇ ಫಲಿತಾಂಶ! ಲಾವೈಟ್, ಸ್ಟೆವರ್ಟೈಟ್ ಬೇರ್ಪಡಿಸಲೂ ಅದರಿಂದ ಆಗದು. ಅಲ್ಲಿ ಬೇಕಾಗುವುದು ಎಕ್ಸ್-ಕಿರಣ ಹಾಯಿಸಿ ಹರಳಿನ ಒಳಜೋಡಣೆ ಓದುವ ಎಕ್ಸ್‌ಆರ್‌ಡಿ.

ಹೆಟೆರೋಸೈಟೋ ಪರ್ಪುರೈಟೋ, ಸ್ಟ್ರುಂಝೈಟೋ ಫೆರಿಸ್ಟ್ರುಂಝೈಟೋ ಎಂಬ ಪ್ರಶ್ನೆಗೆ ಇಡಿಎಸ್ ಒಳ್ಳೆಯದು, ಅಲ್ಲಿ ಕೇಳುತ್ತಿರುವುದೇ ಕಬ್ಬಿಣ-ಮ್ಯಾಂಗನೀಸ್ ಲೆಕ್ಕ. ಲೇಸರ್ ಬೆಳಕು ಬಿಟ್ಟು ಖನಿಜ ಗುರುತಿಸುವ ರಾಮನ್ ಪರೀಕ್ಷೆ ಮಾಡಿಸುವುದಾದರೆ ಲೇಸರ್ ಶಕ್ತಿ ಕಡಿಮೆ ಇಡಲು ಹೇಳಿ. ಕಡುಬಣ್ಣದ ಫಾಸ್ಫೇಟ್ ಬಿಸಿಯಾಗಿ, ಪರೀಕ್ಷೆ ನಡೆಯುವಾಗಲೇ ಬದಲಾಗಿಬಿಡಬಹುದು. ಇನ್ನೊಂದು, ಪುಡಿ ಮಾಡುವ ಎಕ್ಸ್‌ಆರ್‌ಡಿಗೆ ಕೊಟ್ಟ ಚೂರು ಮೊದಲಿನ ರೂಪದಲ್ಲಿ ವಾಪಸ್ ಬರುವುದಿಲ್ಲ. ಇರುವುದೇ ಒಂದು ಹರಳಾದರೆ ಪುಡಿ ಮಾಡಿಸಬೇಡಿ, ಏಕಹರಳಿನ ಪರೀಕ್ಷೆ ಸಾಧ್ಯವೇ ಎಂದು ಕೇಳಿ.

ಉತ್ತರ 3

ತೊಳೆಯುವ ಆತುರ ಬೇಡ. ತುಕ್ಕುಕಲೆ ತೆಗೆಯಲು ಆಕ್ಸಾಲಿಕ್ ಆಸಿಡ್ ಬಳಸುವ ಅಭ್ಯಾಸ ಇದೆ, ಅಲ್ವಾ? ಇಲ್ಲಿ ಅದನ್ನು ಮುಟ್ಟಲೇಬೇಡಿ. ಕಬ್ಬಿಣದ ಫಾಸ್ಫೇಟ್‌ಗಳನ್ನೂ ಅದು ತಿನ್ನುತ್ತದೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಕೂದಲೆಳೆಗಳು ಪುಡಿಪುಡಿಯಾಗುತ್ತವೆ. ತೀರಾ ಸಾಧಾರಣ ತುಂಡೊಂದನ್ನು ಆರಿಸಿ ಬರೀ ನೀರಿನಲ್ಲಿ ಪ್ರಯತ್ನಿಸಿ. ಎಳೆಗಳಿರುವ ಪೊಟರೆಗೆ ಗಾಳಿ ಊದುವ ರಬ್ಬರ್ ಬಲ್ಬ್ ಸಾಕು. ಒಡೆದಾಗ ಬಣ್ಣವಿಲ್ಲದೆ ಇದ್ದು ಆಮೇಲೆ ನೀಲಿಗೆ ತಿರುಗಿದ ಹರಳು ಇದ್ದರೆ ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಇರಬಹುದು, ಬೆಳಕಿಗೆ ಬದಲಾಗುತ್ತದೆ, ಅದನ್ನು ಕತ್ತಲೆಯಲ್ಲೇ ಇಡಿ.

ಉತ್ತರ 4

ಬಣ್ಣದ ಕಲ್ಲುಗಳ ಭರದಲ್ಲಿ ಬಿಳಿ ತುಂಡುಗಳನ್ನು ಎಸೆಯಬೇಡಿ. ಮಾಂಟೆಬ್ರಸೈಟ್ ಎಂಬ ಲಿಥಿಯಂ ಫಾಸ್ಫೇಟ್ ನೋಡಲು ಪೆಗ್ಮಟೈಟ್‌ನ ಸಾಮಾನ್ಯ ಖನಿಜ ಫೆಲ್ಡ್‌ಸ್ಪಾರ್ ಹಾಗೆಯೇ ಇರುತ್ತದೆ. ತೂಕ ಮಾಡಿದರೆ ಗೊತ್ತಾಗುತ್ತದೆ. ಒಣ ತೂಕ ನೋಡಿ, ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಮತ್ತೆ ತೂಗಿ. ಎರಡರ ವ್ಯತ್ಯಾಸದಿಂದ ಒಣ ತೂಕವನ್ನು ಭಾಗಿಸಿ. ಫೆಲ್ಡ್‌ಸ್ಪಾರ್ ಆದರೆ 2.6ರ ಆಸುಪಾಸು, ಮಾಂಟೆಬ್ರಸೈಟ್ ಆದರೆ 3ರ ಹತ್ತಿರ. ಬೇರೆ ಕಲ್ಲು ಅಂಟಿಕೊಂಡಿರದ ತುಂಡನ್ನೇ ತೂಗಬೇಕು.

ಯುವಿ ದೀಪವನ್ನೂ ಒಮ್ಮೆ ಹಾಯಿಸಿ. ಹಳದಿ ಹಸಿರು ಚೂರುಗಳು ಕಣ್ಣಿಗೆ ರಾಚುವಂತೆ ಹಸಿರಾಗಿ ಹೊಳೆದರೆ ಆಟುನೈಟ್ ಇರಬಹುದು, ಅದರಲ್ಲಿ ಯುರೇನಿಯಂ ಇದೆ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಯುರೇನಿಯಂ ಇಲ್ಲ ಎಂದಲ್ಲ, ಟಾರ್ಬರ್ನೈಟ್‌ನಲ್ಲೂ ಯುರೇನಿಯಂ ಇದೆ, ಆದರೆ ಅದು ಹೊಳೆಯುವುದಿಲ್ಲ. ಅಂಥ ತುಂಡನ್ನು ಕೆರೆಯಬೇಡಿ, ಧೂಳು ಉಸಿರಿಗೆ ಹೋಗಬಾರದು. ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿ, ಗಾಳಿಯಾಡುವ ಕಡೆ ಇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಉತ್ತರ 1ರವರೇ ಮತ್ತೆ

ಚೀಟಿಯ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಪಲೆರ್ಮೊದಂಥ ಗಣಿಯಿಂದ ನೂರಕ್ಕೂ ಹೆಚ್ಚು ಖನಿಜಗಳು ಬಂದಿವೆ. ಅಂಥ ಕಡೆ ಗಣಿಯ ಹೆಸರೊಂದೇ ಬರೆದರೆ ಸಾಲದು. ರಾಶಿಯ ಯಾವ ಭಾಗ, ಯಾವ ತಾಯಿಕಲ್ಲಿನ ಮೇಲೆ, ಜೊತೆಗೆ ಏನೇನಿತ್ತು ಎಲ್ಲ ಬರೆಯಿರಿ. ಪರೀಕ್ಷೆ ಆಗುವ ತನಕ ಸುಮ್ನೆ "ಹುಲ್ಲುಬಣ್ಣದ ಎಳೆ, ಸ್ಟ್ರುಂಝೈಟ್ ಇರಬಹುದು, ಕಣ್ಣಿನಿಂದ ಮಾತ್ರ ನೋಡಿದ್ದು" ಎಂದಿರಲಿ. ಪರೀಕ್ಷೆ ಆದ ಮೇಲೆ ಯಾವ ವಿಧಾನ, ಯಾವ ಚೂರಿನ ಮೇಲೆ ಎಂಬುದನ್ನು ಅದರ ಕೆಳಗೇ ಸೇರಿಸಿ. ಹಳೆಯ ಸಾಲನ್ನು ಅಳಿಸಬೇಡಿ. ಬೂದು ಕಲ್ಲಿನ ಹೊಸದಾಗಿ ಒಡೆದ ಮುಖದ ಫೋಟೋ, ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹಾಕಿ. ಅಲ್ಲಿಂದ ಮುಂದೆ ನೋಡೋಣ.